ಹಗೇವಿಗೊಂದು ಹೆಬ್ಬೆರಳಷ್ಟು ಬ್ಯಾಟರಿ

ಕತ್ತಲೆಗೆ ಹೆದರುವವರಲ್ಲಿ ಎರಡು ಪಂಗಡ. ಹೆದರಿಕೆ ಆಗುತ್ತದೆ ಎಂದು ನೇರವಾಗಿ ಒಪ್ಪಿಕೊಳ್ಳುವವರದು ಒಂದು, ಹೋದಲ್ಲಿ ಬಂದಲ್ಲಿ ಬ್ಯಾಟರಿ ಕೊಳ್ಳುವವರದು ಇನ್ನೊಂದು. ನಾನು ಎರಡನೆಯ ಪಂಗಡದವನು. ನಮ್ಮ ಬಳ್ಳಾರಿ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತೇವೆ, ಅದರ ಹೊಟ್ಟೆಗೆ ಹಾಕುವುದಕ್ಕೆ ಸೆಲ್ಲು ಎನ್ನುತ್ತೇವೆ. ಸಿರುಗುಪ್ಪದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಪಾಠ ಹೇಳುತ್ತಿರುವ ಮೇಷ್ಟ್ರು ನಾನು. 'ಕತ್ತಲೆ ಎಂಬುದೊಂದು ವಸ್ತುವಲ್ಲ ಮಕ್ಕಳೇ, ಅದು ಬೆಳಕಿನ ಅಭಾವ ಅಷ್ಟೇ' ಎಂದು ವರ್ಷಕ್ಕೊಮ್ಮೆ ಗಟ್ಟಿಯಾಗಿ ಹೇಳಿ, ಬಳ್ಳಾರಿಯ ಕಂಟೋನ್ಮೆಂಟಿನ ನಮ್ಮ ಮನೆಗೆ ಬಂದ ಮೇಲೆ ಹಿತ್ತಲಿನ ನೀರಿನ ಮೋಟರು ಚಾಲೂ ಮಾಡಲು ಹೆಂಡತಿಯನ್ನು ಕಳಿಸುವವನು. ಆದರೆ ಈಗ ಹೇಳಹೊರಟಿರುವುದು ರಾತ್ರಿಯ ಮಾತಲ್ಲ. ಒಂದು ಸಣ್ಣ, ಆದರೆ ಭಾರಿ ಬೆಳಕಿನ ಬ್ಯಾಟರಿಯನ್ನು ನಾನು ಆರಿಸಿ ತಂದದ್ದು ಹೇಗೆ, ಅದನ್ನು ಹಿಡಿದು ನಡುಹಗಲಲ್ಲಿ ಹೆಂಡತಿಯ ಒಬ್ಬನೇ ತಮ್ಮನನ್ನು ಸಾವಿನ ಬಾಯಿಗೆ ಇಳಿಸಲು ಹೊರಟದ್ದು ಹೇಗೆ ಎಂಬ ಮಾತು. ನಗು ಬಂದರೆ ನಗಿ. ನನಗೂ ಬರುತ್ತದೆ, ಅರ್ಧಕ್ಕೆ ನಿಂತುಹೋಗುತ್ತದೆ.

ಎಲ್ಲ ಶುರುವಾದದ್ದು ಕುರುಗೋಡಿನಿಂದ ಬಂದ ಒಂದು ಫೋನಿನಿಂದ. ಅಲ್ಲಿ ನನ್ನ ಹೆಂಡತಿ ಗಿರಿಜಾಳ ದೊಡ್ಡವ್ವ ನೀಲಮ್ಮ ಇದ್ದಾರೆ. ಗಿರಿಜಾಳ ತಮ್ಮ ವಿರುಪಾಕ್ಷಿಯನ್ನು ಚಿಕ್ಕಂದಿನಿಂದ ಸಾಕಿದವರು ಅವರೇ. ಅವನು ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ಅವರ ಅಂಗಳದಲ್ಲಿ ಒಂದು ಹಗೇವು ಇದೆ. ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಮೇಲೆ ಒಬ್ಬನ ಭುಜ ತೂರುವಷ್ಟು ಬಾಯಿ, ಒಳಗೆ ಹೂಜಿಯಂಥ ಹೊಟ್ಟೆ, ಎರಡಾಳು ಆಳ. ಜೋಳ ಸುರಿದು, ಬಾಯಿಗೆ ಬಂಡೆ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಊರಲ್ಲಿ ಎಲ್ಲರೂ ತಮ್ಮತಮ್ಮ ಹಗೇವು ಮುಚ್ಚಿ ಮೇಲೆ ಬೈಕು ನಿಲ್ಲಿಸಿಕೊಂಡಿದ್ದಾರೆ. ದೊಡ್ಡವ್ವ ಮಾತ್ರ ಬಿಟ್ಟಿರಲಿಲ್ಲ. ಈಗ ಅಂಗಳದ ಅಂಚಿನಲ್ಲಿ ಚರಂಡಿ ಹಾಯಲಿದೆ, ಹಗೇವನ್ನು ಖಾಲಿ ಮಾಡಿ ಮುಚ್ಚಲೇಬೇಕು. "ಆಯ್ತವಾರ ತಗೀತೀವ್ರಿ ಮಾಸ್ತರ, ನೀವೂ ಬರ್ರಿ. ಬರುವಾಗ ಎಲ್ಲೆರ ಚಿಮಣಿ ಎಣ್ಣಿ ಸಿಕ್ಕರ ಒಂದ್ ಬಾಟ್ಲಿ ತರ್ರಿ. ಕಂದೀಲ ಐತಿ, ಎಣ್ಣಿನ ಇಲ್ಲ" ಎಂದರು ದೊಡ್ಡವ್ವ ಫೋನಿನಲ್ಲಿ.

ಆ ಹಗೇವನ್ನು ನಾನು ಒಂದೇ ಒಂದು ಸಲ ನೋಡಿದ್ದೆ, ಮದುವೆಯಾದ ಹೊಸತರಲ್ಲಿ. ಹೊಸ ಅಳಿಯನಿಗೆ ಮನೆಯ ಸಂಪತ್ತು ತೋರಿಸಬೇಕೆಂದು ಬಂಡೆ ಸರಿಸಿ, ಬಗ್ಗಿ ನೋಡಿ ಎಂದಿದ್ದರು. ಬಗ್ಗಿದೆ. ಕಪ್ಪು ಬಿಟ್ಟು ಬೇರೇನೂ ಕಾಣಲಿಲ್ಲ. ಆದರೆ ಮುಖಕ್ಕೆ ಬೆಚ್ಚಗೆ, ಹುಳಿಹುಳಿಯಾಗಿ ಏನೋ ಬಡಿಯಿತು. ಒಳಗೆ ಯಾರೋ ಬಹಳ ದಿನದಿಂದ ಮಲಗಿದ್ದು, ಈಗಷ್ಟೇ ಉಸಿರು ಬಿಟ್ಟಂತೆ. 'ಚೆನ್ನಾಗಿದೆ' ಎಂದು ಹೇಳಿ ಹಿಂದೆ ಸರಿದವನು, ಆಮೇಲೆ ಆ ಮನೆಗೆ ಎಷ್ಟು ಸಲ ಹೋದರೂ ಆ ಬಂಡೆಯನ್ನು ತುಳಿಯದೆ ಬಳಸಿಯೇ ಓಡಾಡಿದ್ದೇನೆ. ಕಾರಣ ಯಾರಿಗೂ ಹೇಳಿಲ್ಲ, ವಿಜ್ಞಾನದ ಮೇಷ್ಟ್ರು ಬೇರೆ.

ಸೀಮೆಎಣ್ಣೆ ಹುಡುಕಲು ಹೋದರೆ ಅದನ್ನು ಕೇಳಿದ್ದಕ್ಕೇ ಜನ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಬ್ಬ ಅಂಗಡಿಯವನು, ಏನಾದರೂ ಮನಸ್ಸಿಗೆ ಬೇಜಾರಾಗಿದೆಯೇ ಎಂದು ಕನಿಕರದಿಂದ ವಿಚಾರಿಸಿದ. ಆಗಲೇ ನನ್ನ ತಲೆಯೊಳಗೆ ದೀಪ ಹತ್ತಿದ್ದು. ಕಂದೀಲು ಯಾಕೆ ಬೇಕು? ಬೆಳಕಿಗೆ. ಬೆಳಕಿಗೆ ಈ ಕಾಲದಲ್ಲಿ ಎಣ್ಣೆ ಯಾಕೆ ಬೇಕು? ಬೇಡ. ಒಂದು ಒಳ್ಳೆಯ ಬ್ಯಾಟರಿ ಒಯ್ದರಾಯಿತು! ಮೊಬೈಲಿನ ಬೆಳಕಿದೆಯಲ್ಲ ಎಂದು ನೀವು ಕೇಳಬಹುದು. ಅದು ಬೆಳಕಲ್ಲ, ಸುಣ್ಣ. ಹತ್ತಿರದ್ದಕ್ಕೆಲ್ಲ ಬಳಿದು ದೂರದ್ದನ್ನು ಇನ್ನೂ ಕಪ್ಪು ಮಾಡುತ್ತದೆ. ಅಲ್ಲದೆ ಬಗ್ಗಿ ನೋಡುವವನ ಜೇಬಿನಿಂದ ಮೊದಲು ಒಳಗೆ ಬೀಳುವುದೇ ಮೊಬೈಲು. ನನಗೆ ಬೇಕಾದದ್ದು ಮುಷ್ಟಿಯೊಳಗೆ ಅಡಗುವಷ್ಟು ಸಣ್ಣದು, ಪಾತಾಳದ ತಳ ಮುಟ್ಟುವಷ್ಟು ಜೋರಿನದು. ಇದನ್ನೆಲ್ಲ ವಿವರಿಸಿದಾಗ ಗಿರಿಜಾ ಕೇಳಿದ್ದು ಒಂದೇ ಮಾತು: "ಎಣ್ಣಿ ತರ್ರಿ ಅಂದ್ರ ಬ್ಯಾಟರಿ ಒಯ್ತೀರಲ್ಲ, ನಾಳೆ ಉಪ್ಪು ತರ್ರಿ ಅಂದ್ರ ಏನ್ ತರ್ತೀರಿ?" ಅವಳು ಓದಿ ಬೆಳೆದದ್ದು ಬಳ್ಳಾರಿಯಲ್ಲಿ. ಹಗೇವಿನ ವಿಷಯದಲ್ಲಿ ನನ್ನಷ್ಟೇ ಪಂಡಿತೆ.

ಕೌಲ್ ಬಜಾರಿನಲ್ಲಿ ಬಾಷಾ ಸಾಹೇಬರದೊಂದು ಅಂಗಡಿ ಇದೆ. ನಾಲ್ಕು ಜನ ನಿಂತರೆ ಐದನೆಯವನು ರಸ್ತೆಯಲ್ಲಿ. ಅವರು ಒಂದೊಂದೇ ಬ್ಯಾಟರಿ ತೆಗೆದು ಗಾಜಿನ ಮೇಲಿಟ್ಟರು. ಒಂದು ಪೆನ್ನಿನಂತೆ ಉದ್ದ, ಒಂದು ಲಿಂಬೆಹಣ್ಣಿನಂತೆ ಗುಂಡು, ಒಂದು ಬೀಗದ ಕೈಗೆ ನೇತುಹಾಕುವಂಥದು. ನಾನು ಎಲ್ಲವನ್ನೂ ಒತ್ತಿ ಅಂಗೈಗೆ ಬಿಟ್ಟುಕೊಂಡು ನೋಡುತ್ತಿದ್ದೆ. ಸಾಹೇಬರಿಗೆ ತಡೆಯಲಾಗಲಿಲ್ಲ. "ಹಗಲಾಗ ಬ್ಯಾಟರಿ ನೋಡಿದ್ರ ಏನ್ ತಿಳೀತೈತ್ರಿ ಮಾಸ್ತರ? ಅಂಧೇರಾ ಬೇಕು. ಬರ್ರಿ ಒಳಗ" ಎಂದು ಹಿಂದಿನ ಗೋಡೌನಿಗೆ ಕರೆದೊಯ್ದು, ದೀಪ ಆರಿಸಿ, ಬಾಗಿಲು ಮುಚ್ಚಿದರು. ಹೊರಗೆ ಮಟಮಟ ಮಧ್ಯಾಹ್ನ, ಆಟೋಗಳ ಹಾರ್ನು. ಒಳಗೆ ನನ್ನ ಕೈ ನನಗೇ ಕಾಣದು. "ಈಗ ಒತ್ರಿ" ಎಂದಿತು ಕತ್ತಲೆ. ಹೆಬ್ಬೆರಳಷ್ಟು ಉದ್ದದ, ಕಪ್ಪು ಬಣ್ಣದ ಒಂದನ್ನು ಒತ್ತಿದೆ. ಎದುರಿಗೆ, ನೆಲದಿಂದ ಗೇಣೆತ್ತರದಲ್ಲಿ, ಸಾಲುಸಾಲಾಗಿ ಕಾಲುಗಳು ನಿಂತಿದ್ದವು. ಸೊಂಟದಿಂದ ಮೇಲೆ ಯಾರಿಗೂ ಏನೂ ಇರಲಿಲ್ಲ. ಗಾಳಿಯಿಲ್ಲದ ಕೋಣೆಯಲ್ಲಿ ಒಂದೆರಡು ಮೆಲ್ಲಗೆ ಅಲುಗುತ್ತಲೂ ಇದ್ದವು. ನನ್ನ ಬಾಯಿಂದ ಹೊರಟ ಸ್ವರಕ್ಕೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ. "ಪ್ಯಾಂಟ್ರಿ ಮಾಸ್ತರ, ಮಂದಿ ಅಲ್ಲ. ಬಾಜೂದಾಗ ಜೀನ್ಸ್ ಹೊಲಿತಾರ, ಇಲ್ಲಿ ತೂಗಹಾಕ್ತಾರ" ಎಂದು ಸಾಹೇಬರು ನಕ್ಕರು. ನಾನೂ ನಗುತ್ತ ಬೆಳಕನ್ನು ಸಾಲಿನುದ್ದಕ್ಕೂ ಹಾಯಿಸಿದೆ. ಕಟ್ಟಕಡೆಯ ಪ್ಯಾಂಟಿಗೆ ಪಾದಗಳಿದ್ದವು. ಬೆರಳುಗಳು ಆಡುತ್ತಿದ್ದವು. "ಲೈಟ್ ಹಾಕ್ರಿ ಚಾಚಾ, ಗುಂಡಿ ಹಚ್ಚಾಕತ್ತೀನಿ" ಎಂದು ಆ ಪ್ಯಾಂಟು ಸಿಡುಕಿತು. ಇದಕ್ಕಿಂತ ಜೋರಿನ ಬ್ಯಾಟರಿ ಬೇಕೇ ಎಂದು ಸಾಹೇಬರು ಕೇಳಿದರು. ಬೇಡ, ಇದನ್ನೇ ಕೊಡಿ ಎಂದೆ.

ಹೊಸ ವಸ್ತು ಕೊಂಡವನಿಗೆ ಅದನ್ನು ನಾಲ್ಕು ಜನಕ್ಕೆ ತೋರಿಸುವ ತನಕ ಊಟ ಸೇರುವುದಿಲ್ಲ. ಮರುದಿನ ಸಿರುಗುಪ್ಪದ ಬಸ್ಸು ಹತ್ತಿದಾಗಿನಿಂದ ಅದು ಅಂಗಿಯ ಜೇಬಿನಲ್ಲೇ ಇತ್ತು. ಪ್ರಯೋಗಾಲಯದ ಹಿಂದಿನ ಉಗ್ರಾಣದಲ್ಲಿ, ಗಾಜಿನ ಭರಣಿಯೊಳಗೆ, ನಾನು ಕೆಲಸಕ್ಕೆ ಸೇರುವ ಮೊದಲೇ ಸತ್ತಿದ್ದ ಹಾವೊಂದು ಸುರುಳಿಯಾಗಿ ಕೂತಿದೆ. ಅದರ ಮೇಲೆ ಬೆಳಕು ಬಿಟ್ಟೆ. ಇಷ್ಟು ವರ್ಷ ಕುರುಡಾಗಿದ್ದ ಕಣ್ಣೊಂದು ಫಕ್ಕನೆ ಹೊಳೆದು ನನ್ನನ್ನೇ ನೋಡಿತು. ಉಗ್ರಾಣಕ್ಕೆ ಬೀಗ ಹಾಕಿ ತರಗತಿಗೆ ಬಂದು, ಬೋರ್ಡಿನ ಕಡೆಯಿಂದ ತಿರುಗಿದರೆ ಇಡೀ ಎಂಟನೆಯ ತರಗತಿ ನನ್ನ ಎದೆಯನ್ನೇ ದಿಟ್ಟಿಸುತ್ತಿತ್ತು. "ಸಾರ್, ನಿಮ್ಮ ಎದಿಯಾಗ ಬೆಳಕು ಬರಾಕತ್ತೈತ್ರಿ" ಎಂದಳು ಮುಂದಿನ ಬೆಂಚಿನ ಹುಡುಗಿ, ಭಕ್ತಿಯಿಂದಲೋ ಭಯದಿಂದಲೋ ತಿಳಿಯದು. ಜೇಬಿನೊಳಗೆ ತಾನೇ ಒತ್ತಿಕೊಂಡು ಹತ್ತಿತ್ತು. ಗಣಿತದ ಹನುಮಂತರೆಡ್ಡಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಹಿಡ್ಕಂಡ್ರ ದೆವ್ವನೂ ಕಣ್ಣು ಮುಚ್ಕಂತೈತಿ ಸಾರ್" ಎಂದರು. ಆ ಹೊಗಳಿಕೆಗೆ ನಾನು ಉಬ್ಬಿಹೋದೆ.

ಭಾನುವಾರ ಕುರುಗೋಡಿಗೆ ಹೋದಾಗ ಹನ್ನೊಂದು ದಾಟಿತ್ತು. ಸುತ್ತಲಿನ ಗುಡ್ಡದ ಬಂಡೆಗಳು ಬಿಸಿಲಿಗೆ ಕಾದು ನಿಂತಿದ್ದವು. ವಿರುಪಾಕ್ಷಿ ಒಬ್ಬನೇ ಹಾರೆಯಿಂದ ಹಗೇವಿನ ಬಂಡೆ ಮೀಟಿ ಸರಿಸಿ ಆಗಷ್ಟೇ ಬೆವರು ಒರೆಸಿಕೊಳ್ಳುತ್ತಿದ್ದ. ಚರಂಡಿಯವರು ಮರುದಿನವೇ ಬರುತ್ತಾರೆಂದು ಅವನಿಗೆ ಅವಸರ. ದೊಡ್ಡವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. "ಎಣ್ಣಿ ತಂದ್ರೇನು ಬಾವ?" ಎಂದ. ನಾನು ಜೇಬಿನಿಂದ ಬ್ಯಾಟರಿ ತೆಗೆದೆ. "ದೊಡ್ಡವ್ವ ಮೊದಲು ಕಂದೀಲ ಬಿಡತಾಳ, ಆಮ್ಯಾಲ ಮನಷ್ಯಾನ್ನ" ಎಂದು ಅವನು ಅನುಮಾನಿಸಿದ. "ಅದು ಬೆಳಕಿಗಪ್ಪಾ. ಅಂಥಾ ನೂರು ಕಂದೀಲಿನ ಬೆಳಕು ಇದರಾಗ ಐತಿ, ನೋಡಿಲ್ಲಿ" ಎಂದು ಬಗ್ಗಿ, ಬೆಳಕು ಬಿಟ್ಟೆ.

ಏನು ಹೇಳಲಿ! ಇಷ್ಟು ವರ್ಷ ನನ್ನನ್ನು ಹೆದರಿಸಿದ್ದ ಕತ್ತಲೆ ಒಂದೇ ಏಟಿಗೆ ಸತ್ತುಬಿತ್ತು. ನಯವಾಗಿ ಮೆತ್ತಿದ ಗೋಡೆ, ಗೋಡೆಯಲ್ಲಿ ಅಂಟಿದ ಹುಲ್ಲಿನ ಎಳೆ, ಅರ್ಧದವರೆಗೆ ಬಿದ್ದುಕೊಂಡ ಜೋಳ, ಎಲ್ಲ ಕಂಡಿತು. ಹಾವಿಲ್ಲ, ಚೇಳಿಲ್ಲ, ಒಂದು ಇರುವೆ ಕೂಡ ಹರಿಯುತ್ತಿಲ್ಲ. ಒಳಗೆ ಒಂದು ಬಗೆಯ ನಿಶ್ಶಬ್ದವಿತ್ತು, ನಾನು ಬಗ್ಗಿದಾಗ ನನ್ನ ಕಿವಿಯನ್ನೂ ಮುಚ್ಚುವಂಥದು. ಮತ್ತೆ ಆ ಬೆಚ್ಚನೆಯ ಹುಳಿ ಉಸಿರು ಮುಖಕ್ಕೆ ಬಂತು. ಈ ಸಲ ನಾನು ಹೆದರಲಿಲ್ಲ, ಕಾಣುತ್ತಿತ್ತಲ್ಲ! ಬಂಡೆ ಸರಿಸುವಾಗ ಹಲ್ಲಿಯೊಂದು ಒಳಗೆ ಬಿತ್ತೆಂದು ವಿರುಪಾಕ್ಷಿ ಹೇಳಿದ. ಹುಡುಕಿದೆ. ಜೋಳದ ಮೇಲೆ ಅಂಗಾತ ಬಿದ್ದಿತ್ತು, ಬಿಳಿಹೊಟ್ಟೆ ಮೇಲೆ ಮಾಡಿ. ಕಾಲಿನ ಬೆರಳುಗಳನ್ನೂ ಎಣಿಸಬಹುದಿತ್ತು, ಅಂಥ ಬೆಳಕು. "ಎಷ್ಟು ಆರಾಮ ಮಲಗೈತಿ ನೋಡು. ಇಳಿಯಪ್ಪಾ, ಏನೂ ಇಲ್ಲ" ಎಂದೆ. ಹೌದು, ಇಳಿ ಎಂದವನು ನಾನೇ. ನನ್ನ ಹೊಟ್ಟೆ ಆ ಬಾಯಲ್ಲಿ ತೂರುವಂತಿದ್ದರೆ ನಾನೇ ಇಳಿಯುತ್ತಿದ್ದೆನೇನೋ. ಬೊಜ್ಜು ಉಳಿಸಿದ ಜೀವಗಳ ಪಟ್ಟಿಯಲ್ಲಿ ನನ್ನದೂ ಒಂದು. ವಿರುಪಾಕ್ಷಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬಾಯಂಚಿಗೆ ಕೂತು, ಎರಡೂ ಕಾಲು ಒಳಗೆ ಬಿಟ್ಟ.

"ಯಾರಲೇ ಅವ ಕಾಲು ಬಿಟ್ಟಾವ?" ಎಂಬ ಕೂಗು ಕೇಳಿ ಇಬ್ಬರೂ ಹೊರಳಿದೆವು. ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದರು. "ದೀಪ ಬಿಟ್ಟೀಯೇನು?" ಎಂದರು. ನಾನು ಬ್ಯಾಟರಿ ಎತ್ತಿ ತೋರಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋಗಿ ದೇವರ ಮುಂದಿನ ಪಣತಿಯನ್ನೇ ಎತ್ತಿಕೊಂಡು ಬಂದರು. ಅದನ್ನು ಬಕೀಟಿನಲ್ಲಿಟ್ಟು ಹಗ್ಗ ಕಟ್ಟಿ ಮೆಲ್ಲಗೆ ಇಳಿಬಿಟ್ಟರು. ನಾನು ನೆರವಾಗಲೆಂದು ಮೇಲಿಂದ ಬ್ಯಾಟರಿ ಹಿಡಿದೆ. ಎರಡು ಮೊಳ ಇಳಿದಿರಬೇಕು. ಕುಡಿ ಸಣ್ಣದಾಯಿತು. ಬತ್ತಿಯಿಂದ ಮೇಲೆದ್ದು ನಿಂತಿತು, ಬತ್ತಿಯನ್ನು ಬಿಟ್ಟಿತು, ಇಲ್ಲವಾಯಿತು. ಗಾಳಿ ಬೀಸಿರಲಿಲ್ಲ. ಹೊಗೆ ಮೇಲಕ್ಕೆ ಬರದೆ ಅಲ್ಲಿಯೇ, ನೀರಿನ ಮೇಲೆ ಹರಡಿದಂತೆ, ಅಡ್ಡಡ್ಡ ಹರಡಿತು. ನನ್ನ ಬ್ಯಾಟರಿಯ ಬೆಳಕು ಆ ಹೊಗೆಯನ್ನು ದಾಟಿ ತಳದ ಹಲ್ಲಿಯ ಮೇಲೆ ಜಗಜಗ ಎಂದು ಬಿದ್ದಿತ್ತು. ದೊಡ್ಡವ್ವ ಮತ್ತೆ ಹೊತ್ತಿಸಿ ಬಿಟ್ಟರು. ಅದೇ ಎರಡು ಮೊಳ, ಅಲ್ಲಿಯೇ ಆರಿತು. ಮೂರನೆಯ ಸಲವೂ ಅಲ್ಲಿಯೇ. ಅಷ್ಟು ಹೊತ್ತಿಗೆ ವಿರುಪಾಕ್ಷಿ ಕಾಲು ಎಳೆದುಕೊಂಡು ಗೋಡೆಗೆ ಒರಗಿ ಕೂತಿದ್ದ. 

"ನಮ್ಮ ಓಣ್ಯಾಗ ಹಿಂಗ ಇಬ್ರು ಹೋಗ್ಯಾರ. ಒಬ್ಬಾವ ಇಳದ, ಮ್ಯಾಲ ಬರಲಿಲ್ಲ. ಅವನ್ನ ಎತ್ತಾಕಂತ ಇನ್ನೊಬ್ಬಾವ ಇಳದ. ಕೂಗ ಸೈತ ಬರಲಿಲ್ಲ" ಎಂದರು ದೊಡ್ಡವ್ವ, ಬಕೀಟು ಮೇಲೆಳೆಯುತ್ತ. ಆಮೇಲೆ ನನ್ನ ಕಡೆ ತಿರುಗಿ, "ಯಾಕ ಆರತೈತ್ರಿ ಮಾಸ್ತರ ಅದು? ನಾವು ಹಿರೇರು ಹೇಳಿದ್ದು ಮಾಡತೀವಿ. ನೀವು ಓದಿದಾವ್ರು, ನಿಮಗ ಗೊತ್ತಿರತೈತಿ" ಎಂದು ಕೇಳಿದರು. ಮೇಷ್ಟ್ರಿಗೆ ಪ್ರಶ್ನೆ ಕೇಳಿದರೆ ಜೀವ ನಡುಗುತ್ತಿದ್ದರೂ ಬಾಯಿ ಸುಮ್ಮನಿರುವುದಿಲ್ಲ. ಕಾಳು ಕೂಡ ಉಸಿರಾಡುತ್ತದೆ, ಒಳಗಿನ ಆಮ್ಲಜನಕವನ್ನೆಲ್ಲ ತಿಂದು ಇಂಗಾಲದ ಡೈಆಕ್ಸೈಡು ಬಿಡುತ್ತದೆ, ಅದು ಗಾಳಿಗಿಂತ ಭಾರ, ಬಾವಿಯ ನೀರಿನಂತೆ ತಳದಲ್ಲಿ ತುಂಬಿ ನಿಲ್ಲುತ್ತದೆ, ಅದರಲ್ಲಿ ದೀಪ ಉರಿಯದು, ಜೀವ ನಿಲ್ಲದು, ಉರಿಯುವ ಕಡ್ಡಿ ಇಟ್ಟು ಪರೀಕ್ಷಿಸಬೇಕು ಎಂದು ಪುಸ್ತಕದ ಒಂದು ಸಾಲೂ ತಪ್ಪದೆ ಹೇಳಿ ಮುಗಿಸಿದೆ. ದೊಡ್ಡವ್ವ ತಲೆದೂಗುತ್ತ ಕೇಳಿದರು. ಆಮೇಲೆ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ, "ಇಷ್ಟೆಲ್ಲಾ ಗೊತ್ತಿದ್ದು ಅವಗ ಇಳಿ ಅಂತ ಯಾಕಂದ್ರಿ?" ಎಂದರು.

ಇಷ್ಟು ಹೊತ್ತೂ ಉರಿಯುತ್ತಲೇ ಇದ್ದ ಬ್ಯಾಟರಿಯನ್ನು ಆರಿಸಿ ಜೇಬಿಗೆ ಹಾಕಿಕೊಂಡೆ. ಹಗೇವನ್ನು ಎರಡು ದಿನ ಬಾಯಿ ತೆರೆದೇ ಬಿಡಬೇಕು, ಬೇವಿನ ಸೊಪ್ಪಿನ ಕಟ್ಟನ್ನು ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿ ಗಾಳಿಯಾಡಿಸಬೇಕು, ದೀಪ ನಿಂತ ಮೇಲೆಯೇ ಮನುಷ್ಯ ಇಳಿಯಬೇಕು ಎಂದು ದೊಡ್ಡವ್ವ ತೀರ್ಮಾನ ಮಾಡಿದರು. ಚರಂಡಿಯವರಿಗೆ ಫೋನು ಹೋಯಿತು. ಊಟಕ್ಕೆ ಕೂತಾಗ ನಾನು ಏನು ಉಂಡೆನೋ ನೆನಪಿಲ್ಲ. ವಿರುಪಾಕ್ಷಿ ಜೋಳದ ರೊಟ್ಟಿ ಮುರಿಯುವುದನ್ನು, ಅಗಿಯುವುದನ್ನು, ಅವನ ಗಂಟಲಮಣಿ ಮೇಲೆ ಕೆಳಗೆ ಆಡುವುದನ್ನು ನೋಡುತ್ತ ಕೂತಿದ್ದೆ. "ಬಾವ, ಯಾಕ ಹಂಗ ನೋಡಾಕತ್ತೀರಿ ನನ್ನ?" ಎಂದ. "ಏನಿಲ್ಲ, ಉಣ್ಣು" ಎಂದೆ.  ಹೊರಡುವಾಗ ದೊಡ್ಡವ್ವ ಬಾಗಿಲ ತನಕ ಬಂದು, "ಗಿರಿಜಾಗ ನಾ ಏನೂ ಹೇಳಂಗಿಲ್ಲ. ನೀವ ಹೇಳ್ರಿ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಮನೆಗೆ ಬಂದೊಡನೆ ಗಿರಿಜಾ, "ನಿಮ್ಮ ಬ್ಯಾಟರಿ ಕೆಲಸಕ್ಕ ಬಂತೇನು?" ಎಂದು ಕೇಳಿದಳು. ತಳದ ತನಕ ಎಲ್ಲ ಕಂಡಿತು ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. "ತಮ್ಮ ಹ್ಯಾಂಗದಾನ?" ಎಂದಳು. "ಮೂರು ರೊಟ್ಟಿ ಉಂಡ." "ಅವ ದಿನಾ ಮೂರ ಉಣ್ಣಾದು. ಅದರಾಗೇನೈತಿ ಹೇಳಾಕ?" ಎಂದು ನಕ್ಕು ಒಳಗೆ ಹೋದಳು. ಅದರಲ್ಲಿ ಹೇಳಲು ಏನಿದೆ ಎಂಬುದನ್ನು ಅವಳಿಗೆ ಹೇಳಬೇಕೆಂದು ನಾಲ್ಕು ತಿಂಗಳಿಂದ ಬಾಯಿ ತೆರೆಯುತ್ತಿದ್ದೇನೆ, ಮುಚ್ಚುತ್ತಿದ್ದೇನೆ. ಸದ್ಯಕ್ಕೆ ನಿಮ್ಮೆದುರು ಹೇಳಿ ಅಭ್ಯಾಸ ಮಾಡಿಕೊಂಡಿದ್ದೇನೆ, ನಾನು ಬರೆದದ್ದನ್ನು ಅವಳು ಎಂದೂ ಓದುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ.