ಮಾವನ ಮಷೀನು, ಅತ್ತಿಯ ಡ್ರಮ್ಮು

"ಮಷೀನು ಹಳೇದಾದ್ರ ಕೆಲಸ ಕಡಿಮಿ ಮಾಡ್ತದವಾ, ನಗಸೂದು ಜಾಸ್ತಿ ಮಾಡ್ತದ" ಎಂದು ನನಗೆ ಮೊದಲು ಹೇಳಿದವರು ನಮ್ಮ ಮಾವ. ಮದುವೆಯಾಗಿ ಬೀದರಿನ ಈ ಮನೆಗೆ ಬಂದ ಹೊಸದರಲ್ಲಿ ಹೇಳಿದ್ದು. ಹಿರಿಯರು ಏನೋ ಅನ್ನುತ್ತಾರೆ ಬಿಡು ಅಂತ ಸುಮ್ಮನೆ ತಲೆಯಾಡಿಸಿದ್ದೆ. ಆಮೇಲೆ ನೋಡಿದರೆ ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಿಲ್ಲಿಸೋಣ ಅಂದರೂ ನಿಲ್ಲುವುದಿಲ್ಲ.

ಮಾವ ಟೀವಿ ಟವರಿನ ಕಚೇರಿಯಲ್ಲಿ ಟೆಕ್ನಿಷಿಯನ್ ಆಗಿದ್ದವರು. ಟೀವಿ ರಿಪೇರಿ ಮಾಡುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಆ ಟೀವಿ ನೆಟ್ಟಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಮಷೀನುಗಳಿರುತ್ತವಲ್ಲ, ಅವು ಕೆಟ್ಟರೆ ರಿಪೇರಿ ಮಾಡುವವರು ಮಾತ್ರ ಇವರೊಬ್ಬರೇ. ಕಚೇರಿಗೆ ಹೊಸ ಸಾಮಾನು ಬಂದು ಹಳೆಯವನ್ನೆಲ್ಲ ಗುಜರಿಗೆ ಹಾಕಿದಾಗ, ನಿವೃತ್ತಿಯ ದಿನ ಹಾಕಿದ ಹಾರದ ಜೊತೆ ಅವನ್ನೂ ಆಟೊದಲ್ಲಿ ಹೇರಿಕೊಂಡು ಮನೆಗೆ ಬಂದರು. ಒಂದು ಕೋಣೆ ತುಂಬ ಮಷೀನು. ಒಂದೂ ನಡೆಯುತ್ತಿರಲಿಲ್ಲ. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವವಳು. ಸಂಜೆ ಬಂದು ಅವರ ಎದುರಿಗೆ ಕೂತು, ಸುಟ್ಟ ಕೆಪಾಸಿಟರ್ ತೆಗೆದು ಹೊಸದು ಹಾಕುವುದು ನನಗೆ ರೂಢಿಯಾಯಿತು.

ಅದೇ ವರ್ಷಗಳಲ್ಲಿ ಮಳೆ ಕೈ ಕೊಟ್ಟಿತು. ನಳದಲ್ಲಿ ನೀರಿನ ಬದಲು ಗಾಳಿ ಬರತೊಡಗಿತು. ಓಣಿಗೆ ಟ್ಯಾಂಕರ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು, ಬಂದಾಗ ತುಂಬಿಡಬೇಕು. ತುಂಬಿಡಲು ದೊಡ್ಡ ಡ್ರಮ್ ಬೇಕು, ಡ್ರಮ್ ಇಡಲು ಜಾಗ ಬೇಕು. ಮನೆಯಲ್ಲಿ ಹೆಚ್ಚಿಗೆ ಇದ್ದದ್ದೇ ಅದೊಂದು ಕೋಣೆ.

ನಮ್ಮ ಅತ್ತಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ವಾರ್ಡಿನಲ್ಲಿ ಹೇಳುವ ಧಾಟಿಯಲ್ಲೇ ಹೇಳಿದರು: "ಬ್ಯಾಸಗಿ ಮುಗಿಯೋದ್ರೊಳಗ ಇವುಗಳ ಪೈಕಿ ಒಂದಾದ್ರೂ ಒಬ್ಬರಿಗಾದ್ರೂ ಉಪಯೋಗ ಬೀಳ್ಬೇಕು. ಇಲ್ಲಂದ್ರ ಗುಜರಿ ಒಯ್ಯೋ ಭಂಗಾರದವನಿಗೆ ಕರೀತೀನಿ. ಆ ಕೋಣ್ಯಾಗ ಡ್ರಮ್ ಇಡ್ತೀನಿ."

ಮಾವ ನನ್ನ ಮುಖ ನೋಡಿದರು. ನಾನು ಮಷೀನುಗಳ ಮುಖ ನೋಡಿದೆ.

೧. ಜನರೇಟರ್ ತಯಾರದ

ಮೊದಲು ನಡೆಯತೊಡಗಿದ್ದು ಪ್ಯಾಟರ್ನ್ ಜನರೇಟರ್. ಟೀವಿಗೆ ಜೋಡಿಸಿದರೆ ಪರದೆಯ ಮೇಲೆ ಬಣ್ಣದ ಪಟ್ಟೆಗಳನ್ನು ಮೂಡಿಸುವ ಡಬ್ಬಿ. ಪಟ್ಟೆ ಸರಿಯಾಗಿ ಬಂದರೆ ಟೀವಿ ಸರಿ ಇದೆ ಎಂದರ್ಥ. ಖುಷಿ ತಡೆಯಲಾರದೆ ಮಾವ ಯಾರಿಗೋ ಫೋನಿನಲ್ಲಿ, "ಜನರೇಟರ್ ತಯಾರಾತು ನೋಡ್ರಿ!" ಎಂದು ಕೂಗಿ ಹೇಳಿದರು. ಆ ಮಾತು ಔರಾದ ಬಸ್ಸು ಹತ್ತಿ ಸಂತಪುರ ಮುಟ್ಟಿತು.

ಮೂರನೆಯ ದಿನ ಮನೆ ಮುಂದೆ ಟ್ರಾಕ್ಟರ್ ಬಂದು ನಿಂತಿತು. ಹಿಂದೆ ಟ್ರಾಲಿ, ಟ್ರಾಲಿಯಲ್ಲಿ ದಪ್ಪ ಹಗ್ಗ, ಎತ್ತಲು ನಾಲ್ಕು ಗಟ್ಟಿ ಆಳು. ಇಳಿದ ಹಿರಿಯರು ಕೈಮುಗಿದು, "ಸಾಹೇಬ್ರ, ಮಗಳ ಲಗ್ನ ಅದರಿ. ನಮ್ಮೂರಾಗ ಕರೆಂಟ್ ಭಾಳ ತಕಲೀಫ್. ನಿಮ್ಮ ಜನರೇಟರ್ ಎರಡು ದಿನ ಕೊಡ್ರಿ, ಜ್ವಾಪಾನ ಒಯ್ತೀವಿ" ಎಂದರು.

ಮಾವ ಒಳಗೆ ಹೋಗಿ, ಊಟದ ಡಬ್ಬಿಯಷ್ಟಿದ್ದ ಜನರೇಟರನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದರು.

ಹಿರಿಯರು ಅದರ ಹಿಂದೆ ಮುಂದೆ ನೋಡಿ, "ಇದರ ಅಪ್ಪ ಎಲ್ಲದ್ರಿ?" ಎಂದರು.

"ಇದ ಜನರೇಟರ್ ರೀ. ಕರೆಂಟಿಗೆ ಹಚ್ಚಿದ್ರ ಪಟ್ಟಿ ಪಟ್ಟಿ ಬಣ್ಣ ಕೊಡ್ತದ."

"ಜನರೇಟರಿಗೇ ಕರೆಂಟ್ ಹಚ್ಚಬೇಕು?"

"ಹೌದ್ರಿ."

ಅವರು ಎತ್ತಲು ಬಂದ ಆಳುಗಳ ಕಡೆ ಒಮ್ಮೆ ನೋಡಿ ಅಂದರು: "ನಮ್ಮೂರಿನ ಕರೆಂಟ್ ಆಫೀಸಿನವರೂ ಇದಕ್ಕಿಂತ ಛಲೋ ಮಾತಾಡ್ತಾರ ಬಿಡ್ರಿ."

ನಾವು ನಗುತ್ತ, ಚಹಾ ಕುಡಿಸಿ ಕಳಿಸಲು ಬಾಗಿಲಿಗೆ ಬಂದರೆ ಅತ್ತಿ ಆಗಲೇ ಟ್ರಾಲಿಯ ಹತ್ತಿರ ನಿಂತಿದ್ದರು. "ತಮ್ಮಾ, ಹೆಂಗೂ ಖಾಲಿ ಹೊಂಟೀರಿ. ಆ ಕೋಣ್ಯಾಗಿಂದು ಎಲ್ಲಾ ತುಂಬ್ಕೊಂಡ ಹೋಗ್ರಲಾ, ಹಗ್ಗಾನೂ ತಂದೀರಿ."

೨. ನೇರ ಗೆರೆ

ಎರಡನೆಯದು ಆಸಿಲೋಸ್ಕೋಪು. ಸಣ್ಣ ದುಂಡನೆಯ ಪರದೆ, ಅದರಲ್ಲಿ ಹಸಿರು ಗೆರೆ ಓಡಬೇಕು. ಸಿಗ್ನಲ್ ಕೊಟ್ಟರೆ ಗೆರೆ ಅಲೆಯಾಗುತ್ತದೆ, ಕೊಡದಿದ್ದರೆ ನೇರ ಮಲಗಿರುತ್ತದೆ. ನಮ್ಮದರಲ್ಲಿ ಏನೂ ಬರುತ್ತಿರಲಿಲ್ಲ, ಕತ್ತಲೆ. ಆ ಗೆರೆಗಾಗಿ ನಾವಿಬ್ಬರೂ ತಿಂಗಳುಗಟ್ಟಲೆ ಕಣ್ಣು ಕೆಂಪು ಮಾಡಿಕೊಂಡಿದ್ದೆವು.

ಒಂದು ಭಾನುವಾರ ಚರ್ಚಿನಿಂದ ಬಂದು ಊಟ ಮಾಡಿ, ಮಾವ ಮಷೀನು ಹಚ್ಚಿಟ್ಟು, ಬಿಸಿಯಾಗಲಿ ಅಂತ ಪಕ್ಕದ ಮಂಚದ ಮೇಲೆ ಅಡ್ಡಾದರು. ಹಾಗೇ ನಿದ್ದೆ ಹತ್ತಿತು. ಕೈಯಲ್ಲಿ ಹಿಡಿದಿದ್ದ ಅದರ ವೈರು ಅವರ ಎದೆಯ ಮೇಲೆಯೇ ಉಳಿಯಿತು. ನಾನು ಅಡುಗೆಮನೆಯಲ್ಲಿದ್ದೆ.

ಅತ್ತಿ ಬಾಗಿಲಲ್ಲಿ ಬಂದು ನೋಡುತ್ತಾರೆ: ಮುದುಕ ಅಂಗಾತ ಮಲಗಿದ್ದಾರೆ, ಎದೆಯ ಮೇಲೆ ವೈರು, ಪಕ್ಕದಲ್ಲಿ ಹಸಿರು ಪರದೆ, ಪರದೆಯಲ್ಲಿ ಗೆರೆ ನೇರ, ಒಂದು ಚೂರೂ ಅಲುಗಾಡುತ್ತಿಲ್ಲ.

ಇಷ್ಟು ವರ್ಷ ವಾರ್ಡಿನಲ್ಲಿ ದುಡಿದ ಕೈ ಸುಮ್ಮನಿರುತ್ತದೆಯೇ? "ಯೇಸಪ್ಪಾ!" ಎಂದು ಚೀರಿ, ಓಡಿ ಬಂದು, ಮಾವನ ಎದೆಯ ಮೇಲೆ ಎರಡೂ ಕೈ ಇಟ್ಟು ಧಡಧಡ ಒತ್ತತೊಡಗಿದರು. ನಾನು ಓಡಿ ಬರುವಷ್ಟರಲ್ಲಿ ಮಾವ ಕೆಮ್ಮುತ್ತ ಎದ್ದು ಕೂತು, ಪರದೆ ನೋಡಿ, ಮುಖ ಅರಳಿಸಿ ಕೂಗಿದರು: "ಬಂತು! ನೇರ ಬಂತು! ಸೊಸೀ, ನೋಡಲ್ಲಿ, ಎಷ್ಟ ಛಂದ ನೇರ ಅದ!"

ಅತ್ತಿ ಮಂಚದ ತುದಿಯಲ್ಲಿ ಕುಸಿದು ಕೂತರು. ಉಸಿರು ಬಂದ ಮೇಲೆ ಅಂದರು: "ಇವರು ಉಳದದ್ದಕ್ಕ ದೇವರಿಗೆ ಸ್ತೋತ್ರ. ಈ ಮಷೀನ್ ಉಳಿಯಂಗಿಲ್ಲ."

೩. ಜಗಳ ಇಲ್ಲದ ಚಾನಲ್

ಆ ವರ್ಷ ಹಳ್ಳಿಗಳಿಂದ ಜನ ಪುಣೆಗೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಹಾಗೆ ಹೊರಟವರಲ್ಲಿ ಮೆಹಕರದ ಒಬ್ಬ ಹೆಣ್ಣುಮಗಳು ಟೀವಿಯನ್ನು ಸೀರೆಯಲ್ಲಿ ಕಟ್ಟಿಕೊಂಡು, ಭಾಲ್ಕಿಯಲ್ಲಿ ಬಸ್ಸು ಬದಲಿಸಿ ನಮ್ಮ ಮನೆಗೆ ಬಂದಳು.

"ಏನಾಗ್ಯದವಾ ಇದಕ್ಕ?" ಮಾವ ಕೇಳಿದರು.

"ಏನೂ ಆಗಿಲ್ರಿ."

"ಮತ್ತ ಯಾಕ ತಂದಿ?"

"ಪುಣೆಕ್ಕ ಹೊಂಟೀವ್ರಿ. ನಾದನಿ ಮನ್ಯಾಗ ಇಟ್ರ ಹಗಲೂ ರಾತ್ರಿ ಅವರೇ ನೋಡ್ತಾರ. ರಿಪೇರಿಗೆ ಹಾಕೀವಿ ಅಂದ್ರ ಯಾರೂ ಕೇಳಂಗಿಲ್ಲ. ನೀವು ಏನೂ ಮಾಡಬ್ಯಾಡ್ರಿ, ಖಾಲಿ ಸುಮ್ನ ಇಟ್ಕೋರಿ."

ಮಾವನದು ಮೆತ್ತನೆ ಮನಸ್ಸು, ಇಟ್ಟುಕೊಂಡರು. ಸುದ್ದಿ ಹರಡಿತು. ನೋಡನೋಡುತ್ತ ಕೋಣೆಯಲ್ಲಿ ಕೆಟ್ಟ ಮಷೀನುಗಳ ಜೊತೆ ಕೆಡದ ಟೀವಿಗಳೂ ಬಂದು ಕೂತವು. ಅತ್ತಿಯ ಡ್ರಮ್ಮು ಇನ್ನಷ್ಟು ದೂರ ಹೋಯಿತು.

ಪುಣೆಯಿಂದ ಆ ಹೆಣ್ಣುಮಗಳು ಯಾವುದೋ ಲಗ್ನಕ್ಕೆ ಊರಿಗೆ ಬಂದವಳು ಟೀವಿಯ ಯೋಗಕ್ಷೇಮ ವಿಚಾರಿಸಲು ನಮ್ಮಲ್ಲಿಗೂ ಬಂದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದಳು. ಅವಳ ಟೀವಿಗೇ ನಾವು ಪ್ಯಾಟರ್ನ್ ಜನರೇಟರ್ ಹಚ್ಚಿದ್ದೆವು. ಪರದೆ ತುಂಬ ಬಿಳಿ, ಹಳದಿ, ಹಸಿರು, ಕೆಂಪು, ನೀಲಿ ಪಟ್ಟೆ. ಬೈಯುತ್ತಾಳೆ ಎಂದು ನಾನು ಕಾಯುತ್ತಿದ್ದರೆ ಅವಳು ನೆಲದ ಮೇಲೆ ಕೂತು, ಗಲ್ಲಕ್ಕೆ ಕೈ ಹಚ್ಚಿ ನೋಡತೊಡಗಿದಳು. ಅತ್ತಿ ಚಹಾ ತಂದು ಕೊಟ್ಟು, ತಾವೂ ಪಕ್ಕದಲ್ಲಿ ಕೂತರು. ಇಬ್ಬರೂ ಚಹಾ ಮುಗಿಯುವ ತನಕ ಪಟ್ಟೆ ನೋಡಿದರು.

"ಇದು ಯಾವ ಚಾನಲ್ ರೀ? ನಮ್ಮ ಕಡಿ ಬರಂಗಿಲ್ಲ" ಅಂದಳು ಅವಳು.

"ನಮ್ಮನ್ಯಾಗಷ್ಟೇ ಬರ್ತದ" ಎಂದರು ಮಾವ, ಜಂಬದಿಂದ.

"ಮಂದಿ ಯಾವಾಗ ಬರ್ತಾರ್ರಿ ಇದ್ರಾಗ?"

ಉತ್ತರ ಕೊಟ್ಟವರು ಅತ್ತಿ, ನನ್ನ ಕಡೆ ಓರೆಗಣ್ಣು ಬಿಟ್ಟು: "ಮಂದಿ ಬರಂಗಿಲ್ಲ, ಅದಕ್ಕ ಛಲೋ ಅದ. ಇದೊಂದ ಚಾನಲ್‌ನ್ಯಾಗ ಅತ್ತಿ ಕೆಟ್ಟಾಕಿ ಇಲ್ಲ ನೋಡು."

ಮಾವ ಆಸೆಯಿಂದ, "ಹಂಗಾದ್ರ ಇದು ಉಪಯೋಗ ಅಂತ ಹಿಡೀಲೇನು?" ಎಂದರು.

"ಇದಕ್ಕ ಉಪಯೋಗ ಅನ್ನಂಗಿಲ್ಲ, ಆರಾಮ ಅಂತಾರ. ಡ್ರಮ್ ಡ್ರಮ್ಮೇ" ಎಂದು ಅತ್ತಿ ಕಪ್ಪು ಎತ್ತಿಕೊಂಡು ಹೋದರು.

೪. ಫೀಲ್ಡ್ ಅಂದ್ರ ಹೊಲ

ಬೇಸಿಗೆ ಮುಗಿಯುತ್ತ ಬಂತು. ಭಂಗಾರದವನು ಒಮ್ಮೆ ಬಂದು ಕೋಣೆಯನ್ನು ಕಣ್ಣಲ್ಲೇ ತೂಗಿಕೊಂಡೂ ಹೋದ. ರಿಪೇರಿಯಾಗುವಂಥದ್ದು ಉಳಿದದ್ದು ಒಂದೇ ಮಷೀನು: ಫೀಲ್ಡ್ ಸ್ಟ್ರೆಂಗ್ತ್ ಮೀಟರ್. ಆಂಟೆನಾ ಹಿಡಿದು ಓಡಾಡಿದರೆ ಯಾವ ಜಾಗದಲ್ಲಿ ಟೀವಿ ಸಿಗ್ನಲ್ ಎಷ್ಟು ಜೋರಾಗಿದೆ ಎಂದು ಮುಳ್ಳು ತೋರಿಸುತ್ತದೆ. ತುಕ್ಕು ಹಿಡಿದ ಬ್ಯಾಟರಿ ಡಬ್ಬಿ ಉಜ್ಜಿ, ಸಿಕ್ಕಿಕೊಂಡ ಮುಳ್ಳು ಬಿಡಿಸಿ, ಅಂತೂ ಜೀವ ಬರಿಸಿದೆವು. ಪರೀಕ್ಷೆಗೆ ಬಯಲು ಜಾಗ ಬೇಕಿತ್ತು. ಹಲಬರ್ಗಾದಲ್ಲಿ ಅತ್ತಿಯ ತಮ್ಮನ ಹೊಲವಿತ್ತು. ಮಾವ, ನಾನು ಹೋದೆವು.

ಮಾವ ಆಂಟೆನಾ ಎತ್ತಿ ಹಿಡಿದು, ಹೆಜ್ಜೆ ಹೆಜ್ಜೆಗೂ ನಿಂತು, ಹೊಲ ಸುತ್ತತೊಡಗಿದರು. ನಾನು ಮೀಟರ್ ಕೊರಳಿಗೆ ಹಾಕಿಕೊಂಡು ಹಿಂದೆ. ಬದುವಿನ ಮೇಲೆ ಒಬ್ಬೊಬ್ಬರೇ ಕೂಡಿದರು. ಬೋರಿಗೆ ಜಾಗ ನೋಡುವವರು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಹೀಗೇ ನಡೆಯುವುದನ್ನು ಅವರೆಲ್ಲ ನೋಡಿದ್ದರು.

ಅತ್ತಿಯ ತಮ್ಮ ಹತ್ತಿರ ಬಂದು ಮೀಟರಿನ ಮೇಲಿದ್ದ ಹೆಸರನ್ನು ಅಕ್ಷರ ಕೂಡಿಸಿ ಓದಿದರು. ಆಮೇಲೆ ಮಂದಿಗೆ ತಿರುಗಿ ತಿಳಿಸಿ ಹೇಳಿದರು: "ಫೀಲ್ಡ್ ಅಂದ್ರ ಹೊಲ. ಸ್ಟ್ರೆಂಗ್ತ್ ಅಂದ್ರ ತಾಕತ್ತು. ಹೊಲದ ತಾಕತ್ತು ನೋಡೋ ಮೀಟರ್!"

"ಅಯ್ಯ, ಹಂಗಲ್ರಿ ಮಾಮಾ, ಇದು ಟೀವಿದು" ಎಂದೆ ನಾನು.

ಅಷ್ಟರಲ್ಲೇ ಮುಳ್ಳು ಆ ತುದಿಗೆ ಹಾರಿತು. ಮಾವ ಎಲ್ಲ ಮರೆತು, "ಸಿಕ್ತು! ಇಲ್ಲೇ ಭಾಳ ಅದ!" ಎಂದು ಕುಣಿದರು. ಯಾರೋ ಓಡಿ ಹೋಗಿ ಸುಣ್ಣ ತಂದು ಮಾವನ ಕಾಲ ಸುತ್ತ ಗುಂಡಗೆ ಗೆರೆ ಹಾಕಿಬಿಟ್ಟರು.

ಮಾವ ಬೆವರು ಒರೆಸಿಕೊಳ್ಳುತ್ತ ಎಲ್ಲರಿಗೂ ಹೇಳಿದರು: "ಇದು ನೀರು ನೋಡಂಗಿಲ್ರಿ."

"ಗೊತ್ತಾತ್ರಿ, ಗೊತ್ತಾತು" ಎಂದು ಹಲ್ಲಿಲ್ಲದ ಒಬ್ಬ ಮುತ್ಯಾ ಕಣ್ಣು ಮಿಟುಕಿಸಿದ. "ಬಲ್ಲವರು ಯಾರು ಹೌದಂತಾರ?"

ನಾಲ್ಕು ದಿನದ ಮೇಲೆ ಫೋನು ಬಂತು, ಹೊಲಕ್ಕೆ ಬೋರಿನ ಲಾರಿ ಬರುತ್ತಿದೆ ಎಂದು. ಅತ್ತಿ ತಲೆಗೆ ಕೈ ಹೊತ್ತರು. "ನಿಮ್ಮ ಟೀವಿ ಡಬ್ಬಿ ನಂಬಿ ನನ್ನ ತಮ್ಮ ಭೂಮಿ ಕೊರಸ್ಲತ್ತಾನ! ಒಣಾ ಬಿದ್ರ ತವರುಮನಿಗೆ ಯಾವ ಮುಖ ತಗೊಂಡ ಹೋಗ್ಲಿ? ನಡೀರಿ, ನಿಲ್ಲಸೋಣ. ಬಂದ ಮ್ಯಾಲ ಭಂಗಾರದವನಿಗೆ ಕರ್ಯೂದೇ." ತೋರಿಸಿ ತಿಳಿಸಿ ಹೇಳೋಣ ಅಂತ ಮೀಟರನ್ನೂ ಕೊರಳಿಗೆ ಹಾಕಿಕೊಂಡೆ, ಮೂವರೂ ಬಸ್ಸು ಹತ್ತಿದೆವು.

ನಾವು ಮುಟ್ಟುವಷ್ಟರಲ್ಲಿ ಲಾರಿ ಗುಡುಗುತ್ತಿತ್ತು. ಹೊಲದ ತುಂಬ ಬಿಳಿ ಧೂಳು. ಅತ್ತಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಬದುವಿನಲ್ಲೇ ಕೂತು ಪ್ರಾರ್ಥನೆಗೆ ತೊಡಗಿದರು. ಮಾವ, ನಾನು ಹತ್ತಿರ ಹೋದೆವು. ನೋಡಿದರೆ ಲಾರಿ ಸುಣ್ಣದ ಗುರುತಿನ ಮೇಲೆ ಇರಲೇ ಇಲ್ಲ! ಅಷ್ಟು ದೂರ ಆಚೆ ನಿಂತು ಕೊರೆಯುತ್ತಿತ್ತು.

"ಯಾಕ್ರಿ, ಅಲ್ಲಿ ಯಾಕ?" ಎಂದು ಮಾವ ಕೂಗಿದರು.

ಲಾರಿಯವನು ಮೇಲೆ ಬೆರಳು ತೋರಿಸಿದ. ಗುರುತಿನ ನೆತ್ತಿಯ ಮೇಲೆ ಕರೆಂಟಿನ ವೈರು ಹಾದುಹೋಗಿತ್ತು. ಅದರ ಕೆಳಗೆ ಲಾರಿಯ ಕಂಬ ಎತ್ತುವ ಹಾಗಿರಲಿಲ್ಲ. ಮಾವ ನನ್ನ ಕಿವಿಯಲ್ಲಿ ಅಂದರು: "ಸೊಸೀ, ಅವತ್ತು ಮುಳ್ಳು ಹಾರಿದ್ದು ಟೀವಿ ಸಿಗ್ನಲಿಗೂ ಅಲ್ಲ. ಈ ವೈರಿನ ಗದ್ದಲಕ್ಕ."

ಅಷ್ಟರಲ್ಲಿ ಧೂಳು ಕೆಸರಾಯಿತು. ಕೆಸರು ನೀರಾಯಿತು. ಆಳೆತ್ತರಕ್ಕೆ ಬುಗ್ಗೆ ಹಾರಿ, ಮಂದಿ ಕೇಕೆ ಹಾಕಿ, ಅತ್ತಿಯ ತಮ್ಮ ಮೀಟರಿಗೆ ಕೈಮುಗಿದು, ಯಾರೋ ಅದಕ್ಕೆ ಹೂವನ್ನೂ ಏರಿಸಿದರು. ಬದುವಿನಿಂದ ಅತ್ತಿ ತೊಯ್ದುಕೊಳ್ಳುತ್ತ ಓಡಿ ಬರುತ್ತಿದ್ದರು. ಜನ್ಮದಲ್ಲಿ ಸುಳ್ಳು ಹೇಳದ ನಮ್ಮ ಮಾವ ಆಗಲೂ ಸುಳ್ಳು ಹೇಳಲಿಲ್ಲ. ಆಕಾಶ ನೋಡುತ್ತ ಆ ಸುಣ್ಣದ ಗುರುತಿನ ಮೇಲೆ ಹೋಗಿ ನಿಂತು, ಚಪ್ಪಲಿಯಿಂದ ಮೆಲ್ಲಗೆ ಒರೆಸಿಬಿಟ್ಟರು.

ಆಮೇಲೆ ಅತ್ತಿಯ ತಮ್ಮ ವಾರವಾರ ಟೆಂಪೊದಲ್ಲಿ ನೀರು ಕಳಿಸತೊಡಗಿದರು. ಡ್ರಮ್ಮು ಬಂದವು, ತುಂಬಿದ ಡ್ರಮ್ಮು. "ಇವು ಎಲ್ಲಿಡೋಣ್ರಿ ಅತ್ತಿ?" ಎಂದೆ. "ಕೋಣ್ಯಾಗಿನ ಮಷೀನಿಗೆ ಯಾರೂ ಕೈ ಹಚ್ಚಬ್ಯಾಡ್ರಿ" ಎಂದರು. "ನಿಮ್ಮ ಮಾವನ ಮಂಚ ಹೊರಗ ಹಾಕಿ, ಆ ಜಾಗದಾಗ ಇಡು."

ಈಗಲೂ ಔರಾದ ಕಡೆಯಿಂದ, ಭಾಲ್ಕಿ ಕಡೆಯಿಂದ ಜನ ಹೊಲದ ತಾಕತ್ತು ನೋಡಿಸಲು ನಮ್ಮ ಮನೆಗೆ ಬರುತ್ತಾರೆ. ಅಲ್ಲ ಅಂದರೆ ನಂಬುವುದಿಲ್ಲ. ಆ ಕಡೆ ಹೋಗುವವರು ಯಾರಾದರೂ ಇದ್ದರೆ ನೀವಾದರೂ ಹೇಳ್ರಿ, ಅದು ಬರೀ ಟೀವಿದು ಅಂತ. ವೈರಿನ ಸುದ್ದಿಯನ್ನೂ ಬಿಡದೆ ಹೇಳ್ರಿ. ಊರಿಗೆಲ್ಲ ಹೇಳ್ರಿ. ನಮ್ಮ ಅತ್ತಿ ಒಬ್ಬರಿಗೆ ಬಿಟ್ಟು.