ಗುಲಾಬಿ ಬಣ್ಣದ ತೀರ್ಥ

ಬಿಂದುಶ್ರೀಯನ್ನು ನಾನು ಮೊದಲು ಕಂಡ ದಿನವೇ ಅವಳು ಔಷಧಿ ಉಗುಳಿದಳು. ಹುಟ್ಟಿ ಇನ್ನೂ ಒಂದು ಹಗಲು ಕಳೆದಿರಲಿಲ್ಲ. ಆಸ್ಪತ್ರೆಯ ನರ್ಸಮ್ಮ ಪೋಲಿಯೋ ಹನಿ ಬಾಯಿಗೆ ಬಿಟ್ಟರು. ಕೂಸು ಕಣ್ಣು ಕೂಡ ತೆರೆಯದೆ ಅದನ್ನು ತುಟಿಯಂಚಿನಿಂದ ಹಾಗೇ ಹೊರಕ್ಕೆ ಕಳಿಸಿತು! ನರ್ಸಮ್ಮ ಇನ್ನೊಮ್ಮೆ ಹಾಕಿ, "ನಿಮ್ಮ ಮೊಮ್ಮಗಳು ಗಟ್ಟಿಗಿತ್ತಿ ಅಜ್ಜಿ" ಎಂದು ನಕ್ಕರು. ನಾನು ಮನಸ್ಸಿನಲ್ಲೇ ಅಂದುಕೊಂಡೆ: ಉಗುಳವ್ವ, ಉಗುಳು. ನಿನಗಿನ್ನೂ ಚಿಕ್ಕಲಕ್ಷ್ಮಮ್ಮನ ಕೈ ಗೊತ್ತಿಲ್ಲ!

ನನ್ನ ಕೈ ಎಂದರೆ ಸಾಮಾನ್ಯವೇ? ನಮ್ಮ ಬಡಾವಣೆ ಶ್ರೀಗಂಧದ ಕಾವಲ್ ಇನ್ನೂ ರಾಗಿ ಹೊಲವಾಗಿದ್ದ ಕಾಲದಲ್ಲಿ ಬೀದಿಯ ಮಕ್ಕಳಿಗೆಲ್ಲ ಹರಳೆಣ್ಣೆ ಕುಡಿಸಿದ ಕೈ ಇದು. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಒಳಲೆಯ ಮೂತಿಯನ್ನು ಬಾಯಿಗಿಟ್ಟೆನೆಂದರೆ ಅಳು ನಿಲ್ಲುವ ಹೊತ್ತಿಗೆ ಎಣ್ಣೆ ಹೊಟ್ಟೆ ಸೇರಿರುತ್ತಿತ್ತು. ನಮ್ಮ ಯಜಮಾನರು ನಂಜುಂಡಪ್ಪನವರು ಇದ್ದಾಗ, "ನಿನ್ನ ಕೈಯಿಂದ ಪಾರಾದ ಮಕ್ಕಳು ಮುಂದೆ ಪೊಲೀಸರಿಗೂ ಹೆದರಲ್ಲ ಕಣೇ" ಅನ್ನುತ್ತಿದ್ದರು. ಹೊಗಳಿದರೋ ಬೈದರೋ, ನಾನು ಹೊಗಳಿಕೆಯೆಂದೇ ಇಟ್ಟುಕೊಂಡೆ.

ಬಿಂದುಶ್ರೀಗೆ ನಾಲ್ಕು ವರ್ಷವಾದಾಗ ಕಿವಿ ಸೋರಿ ಜ್ವರ ಬಂತು. ಡಾಕ್ಟರಮ್ಮ ಗುಲಾಬಿ ಬಣ್ಣದ ಔಷಧಿ ಬರೆದುಕೊಟ್ಟರು. ಬೆಳಿಗ್ಗೆ, ಸಂಜೆ, ಒಂದು ಹೊತ್ತೂ ತಪ್ಪಬಾರದು. ಅರ್ಧಕ್ಕೆ ನಿಂತರೆ ಕಿವಿ ಮತ್ತೆ ಕೆಡುತ್ತದೆ, ಆಮೇಲೆ ಸೂಜಿ ಚುಚ್ಚಬೇಕಾಗುತ್ತದೆ ಎಂದರು.

ಮೊದಲ ದಿನ ನನ್ನ ಮಗ ಜೀವನ್, ಸೊಸೆ ಕುಸುಮಾ ರಣರಂಗಕ್ಕೆ ಇಳಿದರು. ಇಬ್ಬರೂ ಓದಿದವರು, ಮೊಬೈಲಿನಲ್ಲಿ ನೋಡಿ ಕಲಿತುಕೊಂಡೇ ಇಳಿದರು. ಜೀವನ್ ಚಾಕಲೇಟು ತೋರಿಸಿದ. ಮಗು ಚಾಕಲೇಟನ್ನು ನುಂಗಿ, ಔಷಧಿಯನ್ನು ಅವನ ಆಫೀಸಿನ ಷರ್ಟಿಗೆ ಉಗುಳಿತು. ಕುಸುಮಾ ಮೊಬೈಲಿನಲ್ಲಿ ಆನೆ ಕುಣಿಸಿದಳು. ಮಗು ಔಷಧಿಯನ್ನು ಕೆನ್ನೆಯಲ್ಲಿಟ್ಟುಕೊಂಡು ಆನೆಯ ಕುಣಿತವನ್ನು ಪೂರ್ತಿ ನೋಡಿತು, ಆಮೇಲೆ ಸೋಫಾಕ್ಕೆ ಉಗುಳಿತು! ಕೊನೆಗೆ ಒಬ್ಬರು ಕಾಲು, ಒಬ್ಬರು ಕೈ ಹಿಡಿದು ಹೇಗೋ ಒಂದಿಷ್ಟು ಒಳಗೆ ಇಳಿಸಿದರು. ಮಗು ಅತ್ತಿತು. ಕುಸುಮಾ ಅದಕ್ಕಿಂತ ಹೆಚ್ಚು ಅತ್ತಳು.

"ಅತ್ತೆ, ನಾಳೆಯಿಂದ ನಂಗೆ ಸ್ಕೂಲಲ್ಲಿ ಪರೀಕ್ಷೆ ಡ್ಯೂಟಿ, ರಜೆ ಸಿಗಲ್ಲ" ಎಂದಳು ಕಣ್ಣೊರೆಸಿಕೊಂಡು. "ನಿಮ್ಮ ಕೈಲಿ ಆಗುತ್ತಾ? ಇಲ್ಲಾಂದ್ರೆ ಹೇಳಿಬಿಡಿ. ಔಷಧಿ ಮುಗಿಯೋವರೆಗೂ ಕೆಂಗೇರೀಲಿ ನಮ್ಮಮ್ಮನ ಹತ್ರ ಬಿಟ್ಟು ಬರ್ತೀನಿ."

ಕೆಂಗೇರಿ! ನನ್ನ ಬೀಗಿತ್ತಿಯ ಮನೆ! ಆಕೆಯ ಕೈಯಲ್ಲಿ ಈ ಮಗು ಒಂದೇ ಒಂದು ಸಲ ಔಷಧಿ ಕುಡಿದರೂ ಸಾಕು, ನೆಂಟರ ಮದುವೆಮನೆಗಳಲ್ಲಿ ನಾನು ಇನ್ನು ತಲೆಯೆತ್ತಿ ಊಟ ಮಾಡುವಂತಿಲ್ಲ.

"ನನ್ನ ಕೈಲಿ ಆಗಲ್ವಾ? ಒಂದು ತೊಟ್ಟು ನೆಲಕ್ಕೆ ಬಿದ್ರೆ ನನ್ನ ಹೆಸರು ಬದಲಾಯಿಸು!"

ಕುಸುಮಾ ಪಾಠ ಹೇಳಿದಳು. ಸೂಜಿಯಿಲ್ಲದ ಸಿರಿಂಜಿನಲ್ಲಿ ಐದರ ಗೆರೆಯವರೆಗೆ ಔಷಧಿ ಎಳೆಯಬೇಕು. "ಅದಕ್ಕೆ ಮುಂಚೆ ಬಾಟ್ಲಿ ಚೆನ್ನಾಗಿ ಕುಲುಕಬೇಕು ಅತ್ತೆ. ಕುಲುಕದೇ ಕೊಟ್ರೆ ಮದ್ದೆಲ್ಲ ತಳದಲ್ಲೇ ಉಳಿದುಬಿಡುತ್ತೆ." ನನಗೆ ಓದು ಅಷ್ಟಕ್ಕಷ್ಟೆ. ಐದರ ಗೆರೆಗೆ ಒಂದು ಚುಕ್ಕೆ ಕುಂಕುಮ ಹಚ್ಚಿಕೊಂಡೆ. ಇನ್ನು ತಪ್ಪುವ ಮಾತೇ ಇಲ್ಲ.

ಮರುದಿನ ಬೆಳಿಗ್ಗೆ ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ನಾನು ಕಾಲು ನೀಡಿ ಕೂತೆ. ನಾಲ್ಕು ವರ್ಷದ ಮಗು ಕಾಲ ಮೇಲೆ ಹಿಡಿಯಲಿಲ್ಲ. ಹಿಡಿಸಲು ಹೋದಾಗ ನನ್ನ ಮಂಡಿ ಲಟಕ್ಕೆಂದಿತು. ಬಿಂದುಶ್ರೀ ಎದ್ದು ಮಂಚದ ಕೆಳಗೆ ಸೇರಿಕೊಂಡಳು. ಬೀದಿಗೆಲ್ಲ ಹರಳೆಣ್ಣೆ ಕುಡಿಸಿದ ಮಹಾತಾಯಿ ಮಂಚದ ಮುಂದೆ ಬಗ್ಗಿ, "ಬಾ ಚಿನ್ನಾ, ಬಾ ಬಂಗಾರ" ಎಂದು ಬೇಡಿದ್ದೇ ಬೇಡಿದ್ದು!

ಬೇಡಿ ಸಾಕಾಗಿ ದೇವರ ಪೂಜೆಗೆ ಕೂತೆ. ಗಂಟೆಯ ಸದ್ದು ಕೇಳಿದ್ದೇ ತಡ, ಮಂಚದ ಕೆಳಗಿನಿಂದ ಮಗು ತಾನಾಗಿ ತೆವಳಿಕೊಂಡು ಬಂದು, ಬಲಗೈ ಬಟ್ಟಲು ಮಾಡಿ, "ಅಜ್ಜಿ, ತೀರ್ಥ" ಎಂದಿತು.

ಆಗ ನನ್ನ ತಲೆಯಲ್ಲಿ ಮಂಗಳಾರತಿ ಬೆಳಗಿದಂತಾಯಿತು!

ಅಂದಿನಿಂದ ಔಷಧಿ ಬಾಟಲಿಗೆ ದೇವರ ಗೂಡಿನಲ್ಲಿ ಮಾರಮ್ಮನ ಪಟದ ಹಿಂದೆ ಜಾಗ. ಬಲಗೈಯಲ್ಲಿ ಗಂಟೆ ಬಾರಿಸುವುದು, ಎಡಗೈಯಲ್ಲಿ ಬಾಟಲಿ ಚೆನ್ನಾಗಿ ಕುಲುಕುವುದು. ಕುಂಕುಮದ ಚುಕ್ಕೆಯವರೆಗೆ ಎಳೆದು ಬೆಳ್ಳಿ ಬಟ್ಟಲಿಗೆ ಬಿಟ್ಟು, ಚಮಚದಲ್ಲಿ ಕೊಡುವುದು. ಮಗು ಕಣ್ಣಿಗೊತ್ತಿಕೊಂಡು ಸುರ್ ಎಂದು ಹೀರುತ್ತಿತ್ತು. ಸಂಜೆಯ ಔಷಧಿಗಾಗಿ ಸಂಜೆಯೂ ಪೂಜೆ ಶುರುವಾಯಿತು, ಬಾಟಲಿ ಸೆರಗಿನ ಮರೆಯಲ್ಲಿ. "ಅಮ್ಮಂಗೆ ಯಾಕೋ ಭಕ್ತಿ ಜಾಸ್ತಿ ಆಗಿದೆ" ಎಂದ ಜೀವನ್. "ಹೇಗೆ ಕುಡಿಸ್ತೀರಾ ಅತ್ತೆ?" ಎಂದು ಕುಸುಮಾ ಬೆರಗಿನಿಂದ ಕೇಳಿದಳು. ನಾನು ಸೆರಗು ಸರಿಮಾಡಿಕೊಂಡು, "ಕೈಗುಣ" ಎಂದೆ.

ಶುಕ್ರವಾರ ಬಂತು. ಆಗತಾನೇ ಔಷಧಿಯನ್ನು ಬಟ್ಟಲಿಗೆ ಬಿಟ್ಟಿದ್ದೆ. ಮಹಡಿ ಮೇಲೆ ಬಾಡಿಗೆಗಿರುವ ಜಲಜಮ್ಮ, ಅವರ ಯಜಮಾನರು ನಾಣಿಯವರು ಒಂದು ಮೊಳ ಮಲ್ಲಿಗೆ ಹಿಡಿದು ಬಾಗಿಲಲ್ಲಿ ನಿಂತರು. ಶುಕ್ರವಾರ ಬಂದ ಮುತ್ತೈದೆಗೆ ಕುಂಕುಮ ಕೊಡದೆ ಕಳಿಸುವುದುಂಟೇ? ತಟ್ಟೆ ತರಲು ಅಡುಗೆಮನೆಗೆ ಹೋದೆ.

ತೀರ್ಥ ಒಬ್ಬರೇ ಕುಡಿಯಬಾರದು, ಮನೆಗೆ ಬಂದವರಿಗೆ ಮೊದಲು ಕೊಡಬೇಕು ಎಂದು ಮಗುವಿಗೆ ಕಲಿಸಿದವಳು ನಾನೇ. ಅದು ಚೆನ್ನಾಗಿ ಕಲಿತಿತ್ತು! ನಾನು ಬರುವಷ್ಟರಲ್ಲಿ ಬಟ್ಟಲು ಖಾಲಿ. ನಾಣಿಯವರು ಒದ್ದೆ ಅಂಗೈಯನ್ನು ಭಕ್ತಿಯಿಂದ ತಮ್ಮ ಬೋಳುತಲೆಗೆ ಸವರಿಕೊಳ್ಳುತ್ತಿದ್ದರು. ತಲೆ ಗುಲಾಬಿ ಬಣ್ಣಕ್ಕೆ ಮಿಂಚುತ್ತಿತ್ತು.

"ಲಕ್ಷ್ಮಮ್ಮನೋರೇ, ತೀರ್ಥಕ್ಕೆ ಏನ್ರೀ ಹಾಕಿದೀರಾ?" ಎಂದರು ಜಲಜಮ್ಮ. "ಪಚ್ಚಕರ್ಪೂರ ಅಲ್ಲ, ಏಲಕ್ಕಿ ಅಲ್ಲ. ಎಂಥಾ ಪರಿಮಳ!"

ನಿಜ ಹೇಳಿದರೆ ಮಾತು ಸಂಜೆಯೊಳಗೆ ಕೆಂಗೇರಿ ಮುಟ್ಟುತ್ತದೆ. "ನಾನೇನು ಹಾಕಿಲ್ಲಮ್ಮಾ. ಎಲ್ಲಾ ಅಮ್ಮನ ದಯೆ" ಎಂದುಬಿಟ್ಟೆ.

ಅವರು ಹೋದ ಮೇಲೆ ಇನ್ನೊಮ್ಮೆ ಗಂಟೆ ಬಾರಿಸಿ, ಬಾಟಲಿ ಕುಲುಕಿ ಮಗುವನ್ನು ಕರೆದೆ. "ಪೂಜೆ ಆಗೋಯ್ತಲ್ಲ ಅಜ್ಜಿ" ಎಂದಿತು. "ಮತ್ತೆ ಮತ್ತೆ ಕೇಳಿದ್ರೆ ದೇವರಿಗೆ ಕೋಪ ಬರುತ್ತೆ. ನೀನೇ ಹೇಳಿದ್ದೆ." ನನ್ನ ಪಾಠ, ನನಗೇ ಮಂಗಳಾರತಿ! ಬೇಡಿದೆ, ಗದರಿದೆ. ಊಹೂಂ. ಹೊತ್ತು ಏರುತ್ತಿತ್ತು. ಒಂದು ಹೊತ್ತೂ ತಪ್ಪಬಾರದು ಎಂದಿದ್ದ ಡಾಕ್ಟರಮ್ಮನ ಮಾತು ನೆನಪಾಗಿ ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ಗೇಟು ಕಿರುಗುಟ್ಟಿತು. ನೋಡಿದರೆ ಭಜನೆ ಮಂಡಳಿಯ ಹೆಂಗಸರು! ಕೈಯಲ್ಲೊಂದೊಂದು ಸ್ಟೀಲ್ ಲೋಟ! ಮುಂದೆ ನಾಣಿಯವರು.

"ನಾನೇ ವಾಟ್ಸಾಪ್‌ನಲ್ಲಿ ಹಾಕಿದೆ" ಎಂದರು ಹೆಮ್ಮೆಯಿಂದ. "ಇಂಥಾ ಮಹಿಮೆ ನಾವೊಬ್ಬರೇ ಇಟ್ಕೋಬಾರದು."

"ನನ್ನ ಮಂಡಿಗೆ ಒಂದು ತೊಟ್ಟು ಸಾಕು ಕಣಕ್ಕಾ" ಎಂದಳೊಬ್ಬಳು.

"ನನ್ನ ಸೊಸೆಗೆ ಕುಡಿಸ್ಬೇಕಿತ್ತು. ಬಾಯಿ ಸ್ವಲ್ಪ ಜೋರು" ಎಂದಳು ಇನ್ನೊಬ್ಬಳು.

"ತೀರ್ಥ ಮುಗಿದೋಯ್ತಲ್ಲ ತಾಯಿ" ಎಂದು ನಾನು ಕೈಮುಗಿದೆ.

"ಇಲ್ಲ ಅಜ್ಜಿ, ತುಂಬಾ ಇದೆ!" ಎಂದು ಒಳಗಿನಿಂದ ದನಿ ಬಂತು. ಬಿಂದುಶ್ರೀ ಮಾರಮ್ಮನ ಪಟದ ಹಿಂದೆ ಕೈ ಹಾಕಿ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. "ದೇವರ ಬಾಟ್ಲಿ ಇಲ್ಲಿದೆ. ಇರಿ ಆಂಟಿ, ಚೆನ್ನಾಗಿ ಕುಲುಕಬೇಕು!"

ಕುಲುಕಿದಳು. ನಾಣಿಯವರು ಕನ್ನಡಕ ಹಾಕಿಕೊಂಡು, ಬಾಟಲಿ ಈಸಿಕೊಂಡು ಚೀಟಿ ಓದಿದರು. ಓದುತ್ತಾ ಓದುತ್ತಾ ಅವರ ಕೈ ತಾನಾಗಿ ತಲೆಗೆ ಹೋಯಿತು. "ಅದಕ್ಕೇ... ಬೆಳಿಗ್ಗೆಯಿಂದ ತಲೆ ಮೇಲೆ ಇರುವೆ."

"ಅಯ್ಯೋ, ಇವರಿಗೆ ಶುಗರ್ ಇದೆಯಲ್ರೀ!" ಎಂದು ಜಲಜಮ್ಮ ಮಹಡಿ ಮೆಟ್ಟಿಲಲ್ಲೇ ಕೂಗಿದರು.

ಸರಿಯಾಗಿ ಆಗಲೇ ಕುಸುಮಾ ಪರೀಕ್ಷೆ ಮುಗಿಸಿ ಗೇಟಿನೊಳಗೆ ಬಂದಳು. ಲೋಟಗಳನ್ನು ನೋಡಿದಳು, ಬಾಟಲಿ ನೋಡಿದಳು, ನನ್ನನ್ನು ನೋಡಿದಳು.

"ಅತ್ತೆ, ಬೆಳಗಿನ ಔಷಧಿ ಕುಡಿದಾಯ್ತಾ?"

"ಆಯ್ತು."

"ಯಾರು ಕುಡಿದ್ರು?"

"ನಾಣಿಯವರು."

ಕುಸುಮಾ ಡಾಕ್ಟರಮ್ಮನಿಗೆ ಫೋನು ಹಚ್ಚಿ ನನ್ನ ಕೈಗೇ ಕೊಟ್ಟಳು. "ನೀವೇ ಹೇಳಿ." ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಬರೀ ಕೆಮ್ಮು ಕೇಳಿಸಿತು. ನಗು ನುಂಗಿದ ಕೆಮ್ಮು. ತಪ್ಪಿದ್ದನ್ನು ಈಗಲೇ ಕೊಡಿ, ಎರಡು ಹೊತ್ತಿನದು ಸೇರಿಸಿ ಮಾತ್ರ ಕೊಡಬೇಡಿ, ಮಗುವಿಗೆ ಔಷಧಿಯನ್ನು ಔಷಧಿ ಎಂದೇ ಹೇಳಿ ಕೊಡಿ, ಬಾಟಲಿ ಅದರ ಕೈಗೆಟುಕದ ಕಡೆ ಇಡಿ ಎಂದರು. ನಾಣಿಯವರು ಅವರ ಡಾಕ್ಟರಿಗೆ ಫೋನು ಮಾಡಲಿ ಎಂದೂ ಹೇಳಿದರು. ನಾಣಿಯವರು ಆಗಲೇ ಮಾಡುತ್ತಿದ್ದರು.

ಎಲ್ಲರೂ ಹೋದ ಮೇಲೆ ನಾನು ಸಿರಿಂಜು ಹಿಡಿದು ಮಗುವಿನ ಮುಂದೆ ಕೂತೆ. ಗಂಟೆಯಿಲ್ಲ, ಬಟ್ಟಲಿಲ್ಲ.

"ಇದು ತೀರ್ಥ ಅಲ್ಲ ಕಣವ್ವ. ನಿನ್ನ ಕಿವಿಗೆ ಔಷಧಿ. ಅಜ್ಜಿ ಸುಳ್ಳು ಹೇಳಿದ್ದೆ."

ಬಿಂದುಶ್ರೀ ಯೋಚಿಸಿದಳು. "ಹಂಗಾದ್ರೆ ನಾಣಿ ತಾತಂಗೆ ಕೊಡಬೇಕಾ?"

"ಬೇಡ!"

"ಆಂಟಿಗೆ?"

"ಯಾರಿಗೂ ಕೊಡಂಗಿಲ್ಲ."

"ಪೂರ್ತಿ ನಂಗೇನಾ?"

"ನಿಂಗೇ."

ಆ ಎಂದು ಬಾಯಿ ತೆರೆದಳು. ಒಂದು ತೊಟ್ಟು ನೆಲಕ್ಕೆ ಬೀಳಲಿಲ್ಲ.

ಕುಸುಮಾ ಬಾಟಲಿಯನ್ನು ಎತ್ತರದ ಕಪಾಟಿಗೆ ಸಾಗಿಸಿದಳು. "ದೇವರ ಗೂಡಲ್ಲಿ ದೇವರು ಮಾತ್ರ ಇರಲಿ ಅತ್ತೆ." ಮಗುವನ್ನು ಕೆಂಗೇರಿಗೆ ಕಳಿಸುವ ಮಾತೆತ್ತಲಿಲ್ಲ. ನಾನೇ ತಡೆಯಲಾರದೆ, "ನಿಮ್ಮಮ್ಮಂಗೆ ಹೇಳ್ತೀಯಾ?" ಎಂದೆ. ಅವಳು ನಕ್ಕು ತಲೆಯಾಡಿಸಿದಳು, ಇಲ್ಲ ಎಂದು. ದೇವರಂಥ ಸೊಸೆ!

ಔಷಧಿ ಮುಗಿಯಿತು, ಕಿವಿ ಒಣಗಿತು. ಬೀಗಿತ್ತಿ ಮೊಮ್ಮಗಳನ್ನು ನೋಡಲು ಕೆಂಗೇರಿಯಿಂದ ಬಂದರು. "ಅಬ್ಬಾ, ಇವಳಿಗೆ ನೀವು ಹೇಗೆ ಕುಡಿಸಿದ್ರಿ ಬೀಗಿತ್ತಿ?" ಎಂದು ಕೇಳಿದರು. ಅಷ್ಟು ದಿನ ಕಾದಿದ್ದ ಮಾತು! "ಏನೋ, ಕೈಗುಣ" ಎಂದು ಅವರನ್ನೂ ಮಗುವನ್ನೂ ಆಂಜನೇಯನ ಗುಡಿಗೆ ಕರೆದುಕೊಂಡು ಹೋದೆ.

ಮಂಗಳಾರತಿಯಾಯಿತು. ಪೂಜಾರಪ್ಪ ತೀರ್ಥದ ಪಾತ್ರೆ ಹಿಡಿದು ಬಂದರು. ಬೀಗಿತ್ತಿ ಕೈ ಚಾಚಿದರು, ನಾನೂ ಚಾಚಿದೆ. ಬಿಂದುಶ್ರೀ ಮಾತ್ರ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಾತ್ರೆಯನ್ನೇ ದಿಟ್ಟಿಸಿದಳು. ಆಮೇಲೆ ಗುಡಿಯೆಲ್ಲ ಕೇಳುವಂತೆ ನನ್ನನ್ನು ಕೇಳಿದಳು:

"ಅಜ್ಜಿ, ಇವರು ಚೆನ್ನಾಗಿ ಕುಲುಕಿದಾರಾ?"