ಎರಡು ಊಟ, ಒಂದು ಫಳಾರದ ದೂರ

ಹೊಸಪೇಟೆಯ ಪ್ರಭಂಜನರಾಯರಿಗೆ ಹೆಂಡತಿ ಗಂಗಾಬಾಯಿಯ ಮೇಲಿದ್ದ ತಕರಾರು ಒಂದೇ. ಆಕೆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಬುತ್ತಿಯಲ್ಲಿ ಅಳೆಯುತ್ತಾರೆ. ಕಂಪ್ಲಿ ಎಂದರೆ ಎರಡು ಹಿಡಿ ಚುರುಮುರಿ. ಸಂಡೂರು ಒಂದು ಫಳಾರ. ತಂಗಿ ಪ್ರಿಯಂವದಾ ಇರುವ ಹೈದರಾಬಾದು ಎರಡು ಊಟ, ಒಂದು ಫಳಾರ. ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿ, ನಿಮಿಷ ತಪ್ಪಿದ ಡ್ರೈವರುಗಳನ್ನು ನಡುಗಿಸಿದ ಮಹಾಪುರುಷರಿಗೆ ಇದು ಸಹಿಸುವ ಮಾತೇ?

"ತೋರಣಗಲ್ಲಿನಿಂದ ವಿಮಾನ ಅದ. ಬರೇ ಒಂದು ತಾಸು ಐದು ನಿಮಿಷ! ಬುತ್ತಿಗಿತ್ತಿ ಏನೂ ಬ್ಯಾಡ" ಎಂದು ಟಿಕೆಟ್ ಹಿಡಿದು ಸಾರಿದರು.

"ನಿಮ್ಮ ಒಂದು ತಾಸು ನನಗ ಗೊತ್ತದ ಬಿಡ್ರಿ. ಕಾಯಿಪಲ್ಯ ತರ್ಲಿಕ್ಕೆ ಹೋದಾಗೂ ಹಂಗೇ ಅಂತೀರಿ."

ರಾಯರ ಹಟಕ್ಕೆ ಬೇರೆಯೇ ಕಾರಣವಿತ್ತು. (ಹೆಂಡತಿಗೆ ಹೇಳಿರಲಿಲ್ಲ, ನೀವೂ ಹೇಳಬೇಡಿ.) ಮದುವೆಯಾದ ವರ್ಷ ಇದೇ ಹೈದರಾಬಾದಿಗೆ ರೈಲಿನಲ್ಲಿ ಹೋಗುವಾಗ ಸೀಟು ಸಿಗದೆ, ಇಬ್ಬರೂ ಬಾಗಿಲ ಬಳಿ ಟ್ರಂಕಿನ ಮೇಲೆ ಕೂತಿದ್ದರು. ಹೊಸ ಸೀರೆಗೆಲ್ಲ ಎಂಜಿನ್ನಿನ ಕಲ್ಲಿದ್ದಲ ಮಸಿ. ನಾಚಿಕೆಯಿಂದ ಕುಗ್ಗಿದ ಹೊಸ ಗಂಡ, "ಒಂದಿನ ವಿಮಾನದಾಗ ಕರ್ಕೊಂಡು ಹೋಗ್ತೀನಿ" ಎಂದಿದ್ದರು. ಆ ಒಂದು ದಿನ ಬರಲು ನಲವತ್ತೆರಡು ವರ್ಷ ಹಿಡಿಯಿತು. ಇನ್ನಾದರೂ ಆಕೆ ಆ ಟ್ರಂಕನ್ನು ಮರೆಯಲಿ ಎಂಬುದಷ್ಟೇ ಅವರ ಆಸೆ.

ವಿಮಾನ ನಿಲ್ದಾಣದಲ್ಲಿ ಬೆಳಗಿನ ಮಂಜು ಕವಿದಿತ್ತು. ವಿಮಾನ ಒಂದು ತಾಸು ತಡ ಎಂದರು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಹೊರಗಿನ ತಿಂಡಿ ಮುಟ್ಟದ ರಾಯರ ಹೊಟ್ಟೆ ತಾಳ ಹಾಕತೊಡಗಿತು. ಮಂಜಿಗೆ ಮೆಮೊ ಕೊಡುವ ಅಧಿಕಾರವಂತೂ ಅವರಿಗಿರಲಿಲ್ಲ.

ಗಂಗಾಬಾಯಿ 'ತಂಗಿಗೆ ಸೀರಿ' ಎಂದು ತಂದಿದ್ದ ಚೀಲ ಬಿಚ್ಚಿದರು. ದಪಾಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ!

"ಸೀರಿ ಎಲ್ಲದ?"

"ಬುತ್ತಿ ಮ್ಯಾಲೆ ಹೊಚ್ಚೀನಲ್ಲ, ಅದೇ."

ಮೂಲೆ ಹಿಡಿದು ಇಬ್ಬರೂ ತಿಂದರು. ತಿನ್ನುತ್ತಾ ಗಂಗಾಬಾಯಿ ಹಳೆಯದನ್ನೆಲ್ಲ ತೆಗೆದರು. ಆ ರೈಲು ಪ್ರಯಾಣದಲ್ಲಿ ಗುಂತಕಲ್ಲಿನಲ್ಲಿ ನೀರಿಗೆಂದು ಇಳಿದ ರಾಯರು ತಂಬಿಗೆ ಹಿಡಿದು ಗಾಡಿಯ ಹಿಂದೆ ಓಡಿದ್ದು, ತಾವು ಬಾಗಿಲಲ್ಲಿ ನಿಂತು ಗೊಳೋ ಎಂದು ಅತ್ತದ್ದು. ರಾಯರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮನೆಯಲ್ಲಿ ಹೀಗೆ ಕೂತು ಮಾತಾಡಿ ಎಷ್ಟು ವರ್ಷವಾಗಿತ್ತೋ!

ಅಂತೂ ವಿಮಾನ ಹಾರಿತು. ಕಿಟಕಿಯ ಸೀಟನ್ನು ಹೆಂಡತಿಗೇ ಕೊಟ್ಟ ರಾಯರು, "ಮೋಡ ನೋಡು" ಎಂದು ತಿರುಗಿದರೆ ಆಕೆಗೆ ಗಾಢ ನಿದ್ರೆ.

ಹೈದರಾಬಾದಿನಲ್ಲಿ ಪ್ರಿಯಂವದಾ ಬಾಗಿಲಲ್ಲೇ ಕೇಳಿದಳು. "ವಿಮಾನ ಹೆಂಗಿತ್ತು ಅಕ್ಕಾ?"

ರಾಯರು ಎದೆ ಸೆಟೆಸಿ ನಿಂತರು.

"ವಿಮಾನದಾಗ ಏನದ," ಎಂದರು ಗಂಗಾಬಾಯಿ, "ಕಣ್ಣು ಮುಚ್ಚಿ ತೆಗಿಯೋದ್ರಾಗ ಮುಗೀತು. ಅದಕ್ಕಿಂತ ಮೊದಲ ನಾಕು ತಾಸು ಕೂತಿದ್ವಿ ನೋಡು, ಅದು ಭಾಳ ಛಂದಿತ್ತು. ಥೇಟ್ ಆ ಟ್ರಂಕಿನ ಮ್ಯಾಲೆ ಕೂತ್ಹಂಗ!"

ಆಮೇಲೆ ಗಂಡನತ್ತ ತಿರುಗಿದರು. "ಏನ್ರೀ, ತಿರುಗಿ ಊರಿಗೆ ಹೋಗೋವಾಗ ವಿಮಾನ ಎಷ್ಟು ತಡ ಆಗ್ತದ ಅಂತ ಮೊದಲ ಕೇಳಿಡ್ರಿ. ಬುತ್ತಿ ಕಟ್ಟಬೇಕು."